ಕೆಂಪತ್ತೆಯ ಹಸಿರು ಮುಖ

ಹೋದ ತಿಂಗಳು ಹುಣಸೂರಿನಲ್ಲಿ ತಮ್ಮನ ಮನೆಯ ಗೇಟಿಗೆ ಬಣ್ಣ ಬಳಿಯುತ್ತಿದ್ದರು. ಟರ್ಪೆಂಟೈನ್ ವಾಸನೆ ನಡುಮನೆಯವರೆಗೂ ಬಂತು. ಆ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಗೊತ್ತಿಲ್ಲ. ನನಗೆ ಅದು ಹನಗೋಡಿನ ಹತ್ತಿರ ಇದ್ದ ನಮ್ಮ ಹಳೆಯ ಮನೆಯ ಬೀದಿ ಕೋಣೆಯ ವಾಸನೆ. ಆ ಮನೆ ಈಗಿಲ್ಲ. ಪಾಲಾದ ಮೇಲೆ ಅದನ್ನು ಕೆಡವಿ, ತೊಲೆಗಳನ್ನೂ ಹೆಂಚುಗಳನ್ನೂ ಹಂಚಿಕೊಂಡರು. ತಮ್ಮನ ಪಾಲಿಗೆ ಬಂದ ಸಾಮಾನುಗಳ ಜೊತೆ, ಬೇರೆ ಯಾರೂ ಕೇಳದ ಒಂದು ಚಿತ್ರವೂ ಬಂತು. ಅವನ ಮನೆಯ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಅದು ಈಗಲೂ ಇದೆ. ಕಂಡ ಹಾಗಲ್ಲದೆ ಅನಿಸಿದ ಹಾಗೆ ಬರೆಯುವ ಇಂಥದ್ದನ್ನು ಎಕ್ಸ್‌ಪ್ರೆಶನಿಸ್ಟ್ ಶೈಲಿ ಅನ್ನುತ್ತಾರೆ ಎಂದು ನನ್ನ ಮಗಳು ಹೇಳಿದಳು. ನಾವು ಅದನ್ನು ಅತ್ತೆ ಪಟ ಅಂತಲೇ ಕರೆಯುತ್ತಿದ್ದೆವು.

ಕೆಂಪತ್ತೆ ಅಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮತ್ತೆ ಎಲ್ಲಿಗೂ ಹೋಗಲಿಲ್ಲ. ನಮ್ಮದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಮುರಿಯುವ ಕಾಲದಲ್ಲಿ ಅಂಗಳದ ತುಂಬ ಹಸಿ ಎಲೆ ಬೀಳುತ್ತಿತ್ತು. ಅತ್ತೆ ಕಾಲು ಚಾಚಿ ಕೂತು, ಎಲೆಗಳನ್ನು ದಾರದಲ್ಲಿ ಕಡ್ಡಿಗೆ ಕಟ್ಟುತ್ತಿದ್ದಳು. ಎಲೆಯ ಅಂಟು ಅವಳ ಅಂಗೈಗೆ ಹತ್ತಿ ಕಪ್ಪಾಗಿ, ಸೀಗೆಪುಡಿ ಹಾಕಿ ಉಜ್ಜಿದರೂ ಬಿಡುತ್ತಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಅವಳಿಂದ. ಆದರೆ ಮನೆಯ ಒಂದು ಫೋಟೋದಲ್ಲೂ ಅವಳಿಲ್ಲ. ಚಿಕ್ಕಪ್ಪನ ಮದುವೆಯಲ್ಲಿ ಎಲ್ಲರೂ ಸಾಲಾಗಿ ನಿಂತಾಗ ಅವಳು ಫೋಟೋದವನ ಬೆನ್ನ ಹಿಂದೆ ನಿಂತು, ಅಳುವ ಮಕ್ಕಳನ್ನು ನಗಿಸುತ್ತಿದ್ದಳು. ಆ ಫೋಟೋದಲ್ಲಿ ನಾವೆಲ್ಲ ಕ್ಯಾಮೆರಾ ಬಿಟ್ಟು ಅವಳ ಕಡೆಗೇ ನೋಡುತ್ತಿದ್ದೇವೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ಹೈಸ್ಕೂಲಿಗೆ ಹೊಸ ಡ್ರಾಯಿಂಗ್ ಮೇಷ್ಟ್ರು ಬಂದರು. ರಾಜಪ್ಪ ಅಂತ ಹೆಸರು, ಮಿರ್ಲೆ ಕಡೆಯವರು. ಅಪ್ಪ ಅವರಿಗೆ ಬೀದಿ ಕೋಣೆ ಬಿಟ್ಟುಕೊಟ್ಟರು. ಸ್ಕೂಲಿನಲ್ಲಿ ಅವರು ಬಿಂದಿಗೆ, ಬದನೆಕಾಯಿ ಬರೆಸುತ್ತಿದ್ದರು. ಕೋಣೆಯಲ್ಲಿ ಬರೆಯುತ್ತಿದ್ದದ್ದೇ ಬೇರೆ. ಬಣ್ಣವನ್ನು ರೊಟ್ಟಿ ಹಿಟ್ಟಿನ ಹಾಗೆ ದಪ್ಪಗೆ ಮೆತ್ತಿ, ಚಾಕುವಿನಂಥ ಒಂದು ತಗಡಿನಿಂದ ಎಳೆಯುತ್ತಿದ್ದರು. ಮಾತು ಕಮ್ಮಿ. ಒಂದು ಭಾನುವಾರ ಅವರು ಅಂಗಳಕ್ಕೆ ಬಂದು, ಚಪ್ಪಲಿ ಬಿಟ್ಟು ನಿಂತುಕೊಂಡು ಅತ್ತೆಯನ್ನು ಕೇಳಿದರು: "ಅಕ್ಕಾವ್ರೆ, ನಿಮ್ ಚಿತ್ರ ಒಂದು ಬರೀಲಾ?" ಅತ್ತೆ ತಲೆ ಎತ್ತಲಿಲ್ಲ. "ನಂದು ಯಾಕೆ ಮೇಷ್ಟ್ರೆ, ಮನೇಲಿ ಚೆನ್ನಾಗಿರೋರು ಬೇಕಾದಷ್ಟು ಜನ ಅವ್ರೆ" ಅಂದಳು. ಇನ್ನೊಂದು ಕಡ್ಡಿ ಕಟ್ಟಿ ಪಕ್ಕಕ್ಕಿಟ್ಟು, "ಕೆಲ್ಸ ನಿಲ್ಸಕ್ಕಾಗಕಿಲ್ಲ. ಮಾಡ್ತಾ ಇರ್ತೀನಿ, ಬೇಕಾರೆ ಬರ್ಕಳಿ" ಅಂದಳು.

ನಾಲ್ಕು ಭಾನುವಾರ ಹಾಗೇ ನಡೆಯಿತು. ಅತ್ತೆ ಸೊಪ್ಪು ಕಟ್ಟುತ್ತಿದ್ದಳು, ಮೇಷ್ಟ್ರು ಜಗಲಿಯಲ್ಲಿ ನಿಂತು ಬರೆಯುತ್ತಿದ್ದರು. ಮುಗಿಯುವವರೆಗೂ ಯಾರೂ ನೋಡಬಾರದೆಂದು ಮೇಷ್ಟ್ರು ಚಿತ್ರವನ್ನು ಒಳಗಿಟ್ಟು ಪಂಚೆ ಹೊದಿಸುತ್ತಿದ್ದರು. ಐದನೇ ಭಾನುವಾರ ಬರುವ ಮೊದಲೇ, ಒಂದು ಮಧ್ಯಾಹ್ನ ಅವರು ಸ್ಕೂಲಿನಲ್ಲಿದ್ದಾಗ ನಾನು ಕೋಣೆಗೆ ಹೋಗಿ ಪಂಚೆ ಎತ್ತಿದೆ. ಹಸಿರು ಮುಖ. ಕೆನ್ನೆಯಲ್ಲಿ ಅರಿಸಿನದ ಗೆರೆ, ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದು. ಮಡಿಲಲ್ಲಿ ಎರಡು ಕಪ್ಪು ಕೈ, ಮುಖಕ್ಕಿಂತ ದೊಡ್ಡವು. ನನಗೆ ಭಯವಾಯಿತು, ಆಮೇಲೆ ನಗು ಬಂತು. ಓಡಿಹೋಗಿ ಗೆಳತಿಯರನ್ನು ಕರೆತಂದೆ. ಅವರು ತಮ್ಮ ತಮ್ಮ ಮನೆಯಲ್ಲಿ ಹೇಳಿದರು. ಎರಡು ದಿನದಲ್ಲಿ ಊರಿಗೆಲ್ಲ ಗೊತ್ತಾಗಿ, ನೀರಿಗೆ ಹೋದ ಕಡೆ ಯಾರೋ ಅತ್ತೆಯನ್ನು ಹಸಿರು ದೆವ್ವ ಅಂದರು.

ಅಪ್ಪ ಚಿತ್ರವನ್ನು ಅಂಗಳಕ್ಕೆ ತಂದಿಟ್ಟು ನೋಡಿದರು. ಅವರು ಕೂಗಾಡುವವರಲ್ಲ. "ಇರೋದನ್ನ ಇದ್ದಂಗೆ ಬರೀಬೇಕಿತ್ತು ಮೇಷ್ಟ್ರೆ. ಊರೋರೆಲ್ಲ ನಮ್ಮಕ್ಕನ್ನ ನೋಡಿ ನಗ್ತಾವ್ರೆ. ನೀವು ಬೇರೆ ರೂಮು ನೋಡ್ಕಳಿ" ಅಂದರು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಚಿತ್ರದ ಮುಂದೆ ಕೂತಳು. ಬಹಳ ಹೊತ್ತು ನೋಡಿದಳು. "ನನ್ ಕೈ ಇಂಗೇ ಕಣಪ್ಪ ಇರೋದು. ನೀನು ನೋಡಿಲ್ಲ ಅಷ್ಟೇಯ" ಎಂದು ಅಪ್ಪನಿಗೆ ಹೇಳಿ, ಚಿತ್ರವನ್ನು ತಾನೇ ಎತ್ತಿಕೊಂಡು ಹೋಗಿ ರಾಗಿ ಕೋಣೆಯಲ್ಲಿ ಇಟ್ಟುಕೊಂಡಳು. ಮೇಷ್ಟ್ರು ಮಾರನೇ ದಿನ ಟ್ರಂಕು ತಗೊಂಡು ಬಸ್ಸು ಹತ್ತಿದರು. ಕೆಲವು ದಿನಗಳಲ್ಲೇ ಕೆ.ಆರ್. ನಗರದ ಕಡೆಗೆ ವರ್ಗ ಮಾಡಿಸಿಕೊಂಡರೆಂದು ಕೇಳಿದೆವು. ಗೆಳತಿಯರನ್ನು ಕರೆತಂದವರು ಯಾರು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅತ್ತೆ ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ಹನ್ನೊಂದನೇ ದಿನದ ತಿಥಿಗೆ ಹೂವಿನ ಹಾರ ಬಂತು, ಹಾಕುವುದಕ್ಕೆ ಫೋಟೋ ಇರಲಿಲ್ಲ. ಪೆಟ್ಟಿಗೆ, ಬೀರು ಎಲ್ಲ ಹುಡುಕಿದೆವು. ಕೊನೆಗೆ ಅಪ್ಪ ರಾಗಿ ಕೋಣೆಗೆ ಹೋಗಿ ಆ ಚಿತ್ರ ತಂದು, ಧೂಳು ಒರೆಸಿ, ಮಣೆಯ ಮೇಲಿಟ್ಟರು. ಬಂದ ನೆಂಟರು ಅದನ್ನು ನೋಡಿದರು. ಯಾರೂ ನಗಲಿಲ್ಲ. ಅಪ್ಪ ಹಾರ ಹಾಕಲು ಹೋದವರು ಅರ್ಧಕ್ಕೇ ನಿಂತು, "ಕೈ ಮುಚ್ಚೋಯ್ತದೆ" ಎಂದು ಹಾರವನ್ನು ಮೇಲಕ್ಕೆ ಎಳೆದು ಕಟ್ಟಿಸಿದರು. ಆಮೇಲೆ ಹಿತ್ತಿಲಿಗೆ ಹೋದರು. ಊಟದ ಹೊತ್ತಿಗೂ ಬರಲಿಲ್ಲ.

ಗೇಟಿಗೆ ಬಣ್ಣ ಬಳಿದ ಮಾರನೇ ದಿನ ನಾನು ಮೊಬೈಲಿನಲ್ಲಿ ಚಿತ್ರದ ಫೋಟೋ ತೆಗೆದುಕೊಂಡು ಕೆ.ಆರ್. ನಗರಕ್ಕೆ ಹೋದೆ. ಮೇಷ್ಟ್ರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮೇಷ್ಟ್ರು ತೀರಿಹೋಗಿ ಆರು ವರ್ಷವಾಗಿತ್ತಂತೆ. ಅವರ ಮಗಳು ಕೂರಿಸಿ, ಕಾಫಿ ಕೊಟ್ಟು, ಗೋಡೆಯ ಮೇಲಿದ್ದ ತಂದೆಯ ಚಿತ್ರಗಳನ್ನು ತೋರಿಸಿದರು. ಬೆಟ್ಟದ ಮಧ್ಯೆ ಸೂರ್ಯ. ಹೊಳೆ, ದೋಣಿ, ಎರಡು ತೆಂಗಿನ ಮರ. ಎಲ್ಲವೂ ಅಚ್ಚುಕಟ್ಟು. "ಅಪ್ಪ ಮನುಷ್ಯರನ್ನ ಬರೀತಿರ್ಲಿಲ್ಲ. ಅದು ನಂಗೆ ಬರಲ್ಲ ಅನ್ನೋರು" ಎಂದರು.

ನಾನು ಮೊಬೈಲ್ ಕೊಟ್ಟೆ. ಅವರು ನೋಡಿದರು. ಬೆರಳಿನಿಂದ ದೊಡ್ಡದು ಮಾಡಿ ಮುಖ ನೋಡಿದರು, ಕೈಗಳನ್ನು ನೋಡಿದರು, ಮತ್ತೆ ಮುಖಕ್ಕೆ ಬಂದರು. ಒಂದೊಂದಾಗಿ ನಾಲ್ಕು ಮೂಲೆಯನ್ನೂ ಹುಡುಕಿದರು.

"ನಮ್ಮಪ್ಪ ಎಲ್ಲಾ ಚಿತ್ರಕ್ಕೂ ಸೈನ್ ಹಾಕೋರು ಕಣ್ರೀ. ಇದ್ರಲ್ಲಿ ಇಲ್ವಲ್ಲ."

"ಮುಗಿದ ಮೇಲೆ ಹಾಕ್ತಿದ್ರೇನೋ" ಎಂದೆ. "ಮುಗಿಸೋಕೆ ನಾನು ಬಿಡಲಿಲ್ಲ."