ಸುಣ್ಣ ಬಳಿದ ಓಣಿ

ಹರಿಹರದಿಂದ ಹೊಳೆಯ ದಂಡೆ ಹಿಡಿದು ಬಂದರೆ ಸಿಗುವ ಊರು ನಮ್ಮದು. ಆನೆಕೊಂಡದಲ್ಲಿ ಹುಟ್ಟಿದ ನನ್ನನ್ನು ಇಲ್ಲಿಯ ಕೆಳಗಿನ ಓಣಿಗೆ ಕೊಟ್ಟರು. ತುಂಗಭದ್ರೆ ಉಕ್ಕಿದಾಗಲೆಲ್ಲ ಮೊದಲು ನೀರು ನುಗ್ಗುವುದು ಈ ಓಣಿಗೇ. ನಮ್ಮದೋ ಕಡೆಯ ಮನೆ, ಮಣ್ಣಿನ ಗೋಡೆ. ಹೊಳೆಗೊಂದು ತಡೆಗೋಡೆ ಕಟ್ಟಿಸಿಕೊಡಿ ಎಂದು ದಾವಣಗೆರೆಯ ಕಚೇರಿಗಳಿಗೆ ಅಲೆದು ಅಲೆದು ನನ್ನ ಚಪ್ಪಲಿ ಸವೆದವು. ಪಂಚಾಯಿತಿ ಮೆಂಬರ್ ಆಗಿದ್ದಕ್ಕೆ ನನಗೆ ಸಿಕ್ಕಿದ್ದು ಇದೊಂದೇ, ಅಲೆದಾಟ. ಅನುದಾನ ಒಂದೇ ಊರಿಗೆ ಸಾಲುವಷ್ಟಿದೆ, ಯಾರ ಹಾನಿ ಹೆಚ್ಚೋ ಅವರಿಗೆ, ಸಾಹೇಬರು ಬಂದು ನೋಡಿ ಬರೆಯುತ್ತಾರೆ ಎಂದರು.

ಆ ವರ್ಷ ನೀರು ಕಿಟಕಿಯವರೆಗೆ ನಿಂತು ಹೋಗಿತ್ತು. ಗೋಡೆಗಳ ಮೇಲೆ ಕೆಸರಿನ ಗೆರೆ ಎದ್ದು ಕಾಣುತ್ತಿತ್ತು. ಅದೇ ನಮ್ಮ ಸಾಕ್ಷಿ, ಅಳಿಸಬೇಡಿ ಎಂದು ಮನೆಮನೆಗೆ ಹೋಗಿ ಹೇಳಿ ಬಂದೆ. ಎಲ್ಲರೂ ಹೂಂ ಅಂದರು. ಸಾಹೇಬರು ಬರುವುದು ಇವತ್ತು ನಾಳೆ ಅಂತ ಮುಂದೆ ಹೋಯಿತು. ಅಷ್ಟರಲ್ಲಿ ಮಾರ್ನಮಿ ಹತ್ತಿರ ಬಂತು.

ಸಾಹೇಬರು ಬರುವ ಹಿಂದಿನ ದಿನ ನಾನು ದಾವಣಗೆರೆಯಲ್ಲಿದ್ದೆ. ಸಂಜೆ ಬಸ್ಸಿಳಿದು ನೋಡುತ್ತೇನೆ, ಓಣಿಗೆ ಓಣಿಯೇ ಬೆಳ್ಳಗೆ ಹೊಳೆಯುತ್ತಿದೆ! ಹಬ್ಬದ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆದಿದ್ದಾರೆ. ಶುರು ಮಾಡಿದ್ದು ನಮ್ಮ ಅತ್ತೆಯೇ, ಅವರನ್ನು ನೋಡಿ ಉಳಿದವರು. ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದಂತೆ ಅಂದುಬಿಟ್ಟೆ. ಅತ್ತೆ ಕೈಗೆ ಹತ್ತಿದ ಸುಣ್ಣ ತೊಳೆಯುತ್ತಲೇ ಇದ್ದರು.

“ದೊಡ್ಡೋರು ಮನೀಗೆ ಬರ್ತಾರೆ. ರಾಡಿ ಗೋಡೆ ಮುಂದೆ ಕೂಡ್ರಿ ಅನ್ನಾಕೆ ನಂಗೆ ಮುಖ ಐತೇನವ್ವಾ?”

ಮರುದಿನ ಓಣಿಯವರು ಚಾಪೆ ಹಾಸಿ ಸಾಹೇಬರಿಗೆ ಮಂಡಕ್ಕಿ, ಮಿರ್ಚಿ, ಚಾ ಕೊಟ್ಟರು. ಓಣಿ ಎಷ್ಟು ಚೊಕ್ಕಟವಾಗಿದೆ ಎಂದು ಅವರು ಹೊಗಳಿದರು, ಇವರು ಹಿಗ್ಗಿದರು. ನೀರು ಇಲ್ಲಿಯವರೆಗೆ ಬಂದಿತ್ತು ಎಂದು ನಾನೊಬ್ಬಳೇ ಬಡಕೊಂಡೆ. ಮೊಬೈಲಿನಲ್ಲಿದ್ದ ಫೋಟೊ ತೋರಿಸಿದೆ. ನಾವು ಕಣ್ಣಾರೆ ಕಂಡಿದ್ದನ್ನಷ್ಟೇ ಬರೆಯಬೇಕಮ್ಮ ಎಂದು, ಬೆಳ್ಳನೆಯ ಗೋಡೆಗಳ ಫೋಟೊ ತೆಗೆದುಕೊಂಡು ಹೋದರು. ಅನುದಾನ ಬೇರೆ ಊರಿಗೆ ಹೋಯಿತು.

ಮುಂದಿನ ಮಳೆಗಾಲಕ್ಕೆ ಹೊಳೆ ಮತ್ತೆ ಒಳಗೆ ಬಂತು. ಓಣಿಯವರೆಲ್ಲ ಶಾಲೆಯಲ್ಲಿ ಉಳಿದೆವು. ನೀರು ಇಳಿದು ಬಿಸಿಲು ಬಿತ್ತು. ನೆನೆದ ಮಣ್ಣಿನ ಗೋಡೆ ಕುಸಿಯುವುದು ಆಗಲೇ. ಯಾರೂ ಮನೆಯೊಳಗೆ ಹೋಗಬೇಡಿ ಎಂದು ಹೇಳಿದ್ದೆ. ನಾನು ಅನ್ನ ಬಡಿಸುತ್ತಿದ್ದಾಗ ಅತ್ತೆ ಎದ್ದು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಮನೆಯ ರಾಡಿ ಗುಡಿಸಲು ಹೋಗಿದ್ದರು. ಹಿತ್ತಲ ಗೋಡೆ ಅವರ ಮೇಲೆ ಬಿತ್ತು. ಮಣ್ಣು ಸರಿಸಿ ತೆಗೆದಾಗ ಪೊರಕೆ ಕೈಯಲ್ಲೇ ಇತ್ತು.

ಈ ಸಲ ಸಾಹೇಬರು ತಡಮಾಡಲಿಲ್ಲ. ಅವರು ಬರುತ್ತಾರೆಂದು ತಿಳಿದು ಓಣಿಯ ಹೆಂಗಸರು ನಮ್ಮ ಅಂಗಳ ಸಾರಿಸಲು ಬಂದರು.

“ಯಾರೂ ಏನೂ ಮುಟ್ಟಬ್ಯಾಡ್ರಿ,” ಎಂದೆ.

ಸಾಹೇಬರು ನಿಂತುಕೊಂಡೇ ಬರೆದುಕೊಂಡರು. ಕೂಡ್ರಿ ಎಂದು ಯಾರೂ ಅನ್ನಲಿಲ್ಲ. ತಡೆಗೋಡೆ ಮಂಜೂರಾಯಿತು.

ಈಗ ನಮ್ಮ ಹಿತ್ತಲಿಗೆ ಹತ್ತಿಕೊಂಡೇ ಕಾಂಕ್ರೀಟಿನ ಗೋಡೆ ಎದ್ದಿದೆ. ಊರಿಗೆ ಒಳ್ಳೆಯದಾಯಿತು ಎನ್ನುತ್ತಾರೆ. ಆಯಿತು, ಇಲ್ಲ ಎನ್ನಲಾರೆ. ಆದರೂ ಅದರ ಕಡೆ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಈ ಮಾರ್ನಮಿಗೆ ನಾನೇ ಸುಣ್ಣ ಕಲಸಿದೆ. ಕೆಸರಿನ ಗೆರೆ ಒಂದು ಸಲಕ್ಕೆ ಹೋಗಲಿಲ್ಲ, ಅದರ ಮೇಲೆ ಮತ್ತೆ ಬಳಿದೆ. ಇನ್ನು ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ.