ಗಂಟಿನ ಮೇಲೋ, ಕೆಳಗೋ

ತುಕ್ರಪ್ಪನನ್ನು ಒಂದು ಕಡೆ ಕೂರಿಸುವುದು ಯಾರಿಂದಲೂ ಆಗದ ಕೆಲಸ. ಗುರುವಾಯನಕೆರೆಯ ಹತ್ತಿರದ ನರ್ಸರಿಯೊಂದರಲ್ಲಿ ಮೂವತ್ತು ವರ್ಷಗಳಿಂದ ಕಸಿ ಕಟ್ಟುತ್ತಿರುವ ಮನುಷ್ಯ. ಕಟ್ಟುವಷ್ಟು ಹೊತ್ತು ಮಾತ್ರ ಅಲ್ಲಾಡದೆ ಕೂತಿರುತ್ತಾನೆ. ಚೂರಿ ಕೆಳಗಿಟ್ಟನೋ, ಕಾಲಿಗೆ ಚಕ್ರ. ಮದುವೆಮನೆಗೆ ಹೋದರೂ ಊಟದ ಪಂಕ್ತಿ ಬಿಟ್ಟು ಹಿತ್ತಿಲಿಗೆ ನಡೆದು ಗಿಡಗಳ ಬುಡ ನೋಡಿ ಬರಬೇಕು. ಹೆಂಡತಿ ಬೈದು ಬೈದು ಸೋತಿದ್ದಾಳೆ.

ಆದರೆ ಈ ಮೂರು ವರ್ಷಗಳ ಚಡಪಡಿಕೆಯೇ ಬೇರೆ. ಅದರ ಕಾರಣ ಅವನೊಬ್ಬನಿಗೇ ಗೊತ್ತು. ಕೊರೊನಾದ ಎರಡನೇ ಸುತ್ತಿನಲ್ಲಿ ಅವನಿಗೂ ಜ್ವರ ಬಂತು, ಹೋಯಿತು. ಹೋಗುವಾಗ ಮೂಗಿನ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಬೇರೆಯವರಿಗಾದರೆ ಮೀನುಸಾರು ಸಪ್ಪೆಯಾದೀತು, ಅಷ್ಟೇ. ಲಿಂಬೆ ಕಟ್ಟುವವನಿಗೆ ಮೂಗು ಹೋದರೆ ಒಂದು ಕೈಯೇ ಹೋದ ಹಾಗೆ. ಎಲೆ ಇದ್ದರೆ ನರ್ಸರಿಯ ಸಣ್ಣ ಹುಡುಗರೂ ಹೇಳಿಯಾರು: ಊರ ಲಿಂಬೆಯ ಎಲೆ ಚಿಕ್ಕದು, ತೊಟ್ಟಿನ ಎರಡೂ ಬದಿಗೆ ಸಪೂರ ರೆಕ್ಕೆ; ದಪ್ಪ ಸಿಪ್ಪೆಯ ಗಜಲಿಂಬೆಯದು ಉದ್ದ, ತೊಟ್ಟು ಬೋಳು, ಹೊಸ ಚಿಗುರಿಗೆ ನೇರಳೆ ಛಾಯೆ. ಆದರೆ ಕಸಿಗೆಂದು ಕಡಿದ ಕಡ್ಡಿಯ ಎಲೆ ಸವರಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಎರಡೂ ಒಂದೇ ತರ. ಆಗ ತುಕ್ರಪ್ಪ ಉಗುರಿನಿಂದ ಕೆರೆದು ಮೂಸುತ್ತಿದ್ದ. ಊರ ಲಿಂಬೆ ಮೂಗಿಗೆ ಚುಚ್ಚುತ್ತದೆ, ಗಜಲಿಂಬೆ ನಯವಾಗಿ ಘಮ್ಮೆನ್ನುತ್ತದೆ. ವಾಸನೆ ಮರಳುವವರೆಗಿನ ಆ ಎರಡು ತಿಂಗಳು ಕೆರೆದ, ಮೂಸಿದ, ಏನೂ ತಿಳಿಯಲಿಲ್ಲ. ಮಾಲೀಕ ಕೃಷ್ಣಪ್ರಸಾದರಿಗೆ ಹೇಳಿದರೆ ಕೆಲಸ ಬಿಡಿಸಿಯಾರೆಂದು ಹೆದರಿ, ಯಾವ ಗೋಣಿ ಎಲ್ಲಿಟ್ಟಿದ್ದೆನೆಂಬ ಅಂದಾಜಿನ ಮೇಲೆಯೇ ಕಟ್ಟಿದ. ಲಾಕ್‌ಡೌನಿನಲ್ಲಿ ಮನೆ ಹಿಡಿದು ಕೂತವರಿಗೆಲ್ಲ ಗಿಡ ನೆಡುವ ಹುಚ್ಚು. ಎಲೆ ಬಿಡುವ ಮೊದಲೇ ಗಿಡಗಳು ಮಾರಿಹೋದವು.

ಅಂದಿನಿಂದ ಅವನು ಬಸ್ಸಿನಲ್ಲಿ ಕಿಟಕಿಯ ಸೀಟು ಬಿಟ್ಟುಕೊಡುವುದಿಲ್ಲ. ಬಂಟ್ವಾಳಕ್ಕೆ ಹೋಗಲಿ, ಮೂಡಬಿದ್ರೆಗೆ ಹೋಗಲಿ, ದಾರಿಬದಿಯ ಅಂಗಳಗಳಲ್ಲಿ ತಾನು ಕಟ್ಟಿದ ಗಿಡ ಹುಡುಕುತ್ತಾನೆ. ಎರಡು ಸಲ ನಡುದಾರಿಯಲ್ಲಿ ಇಳಿದು ನಾಯಿಯಿಂದ ಓಡಿಸಿಕೊಂಡದ್ದೂ ಉಂಟು. ಕಂಡ ಗಿಡಗಳೆಲ್ಲ ಸರಿಯಾಗಿಯೇ ಇದ್ದವು. ಆದರೂ ನಿದ್ದೆ ಕದಿಯಲು ಕೂತ ಕಳ್ಳ ಎದ್ದು ಹೋಗಲಿಲ್ಲ.

ಕೊನೆಗೆ ಮೊನ್ನೆ ಕಕ್ಕಿಂಜೆಯ ಅವ್ವಮ್ಮನ ಫೋನು ಬಂತು. ಸುತ್ತಿನ ನಾಲ್ಕೂರಿಗೆ ಲಿಂಬೆ ಉಪ್ಪಿನಕಾಯಿ ಹಾಕಿಕೊಡುವ ಹೆಂಗಸು. ನರ್ಸರಿಯಿಂದ ಒಯ್ದ ಗಿಡದಲ್ಲಿ ಕಾಯಿ ಬಂದಿದೆ, ಆದರೆ ಅದು ಲಿಂಬೆಯೇ ಅಲ್ಲ ಎಂದು ಅವಳ ದೂರು. ಕೃಷ್ಣಪ್ರಸಾದರು ಗಿಡ ನೋಡದೆಯೇ ತೀರ್ಪು ಕೊಟ್ಟರು:

"ಬುಡ ಕಾಡುಲಿಂಬೆಯದ್ದು ಅಲ್ವಾ ಅವ್ವಮ್ಮಕ್ಕ, ಕಸಿಯ ಗಂಟಿನ ಕೆಳಗಿಂದ ಚಿಗುರು ಬಂದರೆ ಚಿವುಟಬೇಕು. ನೀವು ಚಿವುಟ್ಲಿಲ್ಲ. ಕಾಡೇ ಮೇಲೆ ಎದ್ದು ನಿಂತಿದೆ."

"ಆ ಕೆಲಸ ನನ್ನ ಸೊಸೆಗೆ ಹೇಳಿದ್ದು," ಎಂದಿತು ಫೋನು. "ಬಿಡಿ, ನನಗೆ ಅರ್ಥ ಆಯಿತು."

ಪಕ್ಕದಲ್ಲೇ ನಿಂತಿದ್ದ ತುಕ್ರಪ್ಪ ಚೂರಿ ಕೆಳಗಿಟ್ಟ. "ನಾನೊಮ್ಮೆ ನೋಡಿ ಬರ್ತೇನೆ," ಎಂದ. ಬೇಡವೆನ್ನುವಷ್ಟರಲ್ಲಿ ಗೇಟು ದಾಟಿದ್ದ.

ಬೆಳ್ತಂಗಡಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತದ್ದು ಅವನಿಗೆ ಹತ್ತು ಗಂಟೆಯಾಯಿತು. ಕೂತ, ಎದ್ದ, ಮುಂದಿನ ಸೀಟಿಗೆ ಹೋದ. ಕಾಡುಲಿಂಬೆಯ ಎಲೆ, ಕಾಯಿ ಎರಡೂ ಗಜಲಿಂಬೆಯ ಹಾಗೆಯೇ, ಗಂಟು ನೋಡದೆ ಹೇಳಲಾಗದು. ಗಂಟಿನ ಕೆಳಗಿಂದ ಕೊಂಬೆ ಬಂದಿದ್ದರೆ ತಪ್ಪು ಆ ಮನೆಯವರದ್ದು. ಗಂಟಿನ ಮೇಲಿನಿಂದ ಬಂದಿದ್ದರೆ ತಾನು ಕಟ್ಟಿದ್ದೇ ಗಜಲಿಂಬೆ. ಕೆಳಗಿಂದಲೇ ಬಂದಿರಲಿ ದೇವರೇ ಎಂದು ಕೈ ಮುಗಿದ. ಮುಗಿದ ಮೇಲೆ ನಾಚಿಕೆಯೂ ಆಯಿತು.

ಅವ್ವಮ್ಮ ಅಂಗಳದಲ್ಲೇ ಕಾಯುತ್ತಿದ್ದಳು. ಕುಶಲ ಕೇಳುವ ಮೊದಲು ಜಾಡಿ ತಂದು ಮುಂದಿಟ್ಟಳು.

"ನೋಡಿ ತುಕ್ರಪ್ಪಣ್ಣ. ನಮ್ಮ ಲಿಂಬೆಯ ಸಿಪ್ಪೆ ಕಾಗದದ ಹಾಗೆ, ಉಪ್ಪಿನಲ್ಲಿ ಬೇಗ ಮೆತ್ತಗಾಗ್ತದೆ. ಇದಕ್ಕೆ ಅರ್ಧ ಬೆರಳು ದಪ್ಪದ ಬಿಳಿ ತಿರುಳು. ಒಂದು ತಿಂಗಳಾಯಿತು, ಚಪ್ಪಲಿ ಹಾಗೆ ಉಂಟು. ನಮ್ಮ ಮಗ ನೌಫಲ್ ಶಾರ್ಜಾದಿಂದ ಹೇಳ್ತಾನೆ, 'ಉಮ್ಮಾ, ಇಲ್ಲಿ ಇದಕ್ಕೇ ಲೆಮನ್ ಅನ್ನೋದು, ನಾವು ತಿನ್ನೋದು ಲೈಮು, ಲೆಮನ್ ಹಳದಿ, ಲೈಮು ಹಸಿರು' ಅಂತ. ಬಣ್ಣದಲ್ಲಿ ಏನುಂಟು? ಮರದಲ್ಲೇ ಬಿಟ್ಟರೆ ನಮ್ಮ ಲಿಂಬೆಯೂ ಹಳದಿಯೇ ಆಗ್ತದಲ್ಲ!"

"ಆಗ್ತದೆ," ಎಂದ ತುಕ್ರಪ್ಪ.

"ಒಂದು ಚಿಗುರು ಚಿವುಟಲಿಕ್ಕೆ ಬಾರದವಳನ್ನು ತಂದುಕೊಂಡೆ. ಇವಳ ಮಾವ ಹೇಳಿದ್ದಾಯಿತು, ನೌಫಲ್ ಫೋನಿನಲ್ಲಿ ಹೇಳಿದ್ದಾಯಿತು. ಇವಳದ್ದು ಒಂದೇ ಮಾತು, ಚಿವುಟಿದ್ದೇನೆ ಅಂತ."

ಇವಳು ಎಂದರೆ ಸೊಸೆ ಮುರ್ಶಿದಾ. ಬಾಗಿಲ ಬಳಿ ನೀರಿನ ಲೋಟ ಹಿಡಿದು ನಿಂತಿದ್ದಳು, ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಬೈಸಿಕೊಂಡು ಅಭ್ಯಾಸವಾದವರ ಮುಖ ಅದು. ಅವ್ವಮ್ಮ ಜಾಡಿ ಎತ್ತಿಕೊಂಡು ಒಳಗೆ ಹೋದಳು.

ತುಕ್ರಪ್ಪ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಮಣ್ಣು ಸರಿಸಿ ಹೆಬ್ಬೆರಳಾಡಿಸಿದ. ಗಂಟು ಸಿಕ್ಕಿತು, ಅವನದೇ ಗಂಟು, ಎಲ್ಲಿದ್ದರೂ ಗುರುತು ಹಿಡಿದಾನು. ಕಸಿಯ ಕಣ್ಣು, ಅಂದರೆ ಚಿಗುರುವ ಮೊಗ್ಗು, ಕಚ್ಚಿಕೊಂಡ ಕಡೆ ಒಂದು ಚೂರೂ ಸೀಳಿಲ್ಲ, ಅಷ್ಟು ಚೆನ್ನಾಗಿ ಕೂಡಿದೆ. ಕೊಂಬೆಗಳೆಲ್ಲ ಅದರ ಮೇಲಿನಿಂದಲೇ. ಕೆಳಗೆ ಒಣಗಿದ ಮೂರು ಸಣ್ಣ ಕಲೆಗಳು, ಬುಡದ ಚಿಗುರನ್ನು ಯಾರೋ ಸರಿಯಾದ ಹೊತ್ತಿಗೆ ಸರಿಯಾಗಿ ಚಿವುಟಿದ್ದು.

ಕೈಯಲ್ಲಿ ಮಣ್ಣಿತ್ತು. ಮತ್ತೆ ಮುಚ್ಚಿಬಿಟ್ಟರೆ ಮುಗಿಯಿತು. ಈ ಗಂಟನ್ನು ಓದುವವರು ಇಡೀ ತಾಲೂಕಿನಲ್ಲಿ ಹುಡುಕಿದರೂ ನಾಲ್ಕು ಜನ ಸಿಗಲಿಕ್ಕಿಲ್ಲ. ಮಾಲೀಕರು ಹೇಳಿದ್ದನ್ನೇ ಹೇಳಿದರೆ ಮೂವತ್ತು ವರ್ಷದ ಹೆಸರು ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ.

"ಇದು ಕೆಳಗಿನ..." ಎಂದು ಶುರು ಮಾಡಿದ.

ಮುರ್ಶಿದಾ ಲೋಟವನ್ನು ಜಗಲಿಯ ಮೇಲಿಟ್ಟು ಒಳಗೆ ತಿರುಗಿದಳು. ಪೂರ್ತಿ ಕೇಳುವ ಅಗತ್ಯವೇ ಅವಳಿಗಿರಲಿಲ್ಲ. ಆ ಬೆನ್ನು ಕಂಡದ್ದೇ ತುಕ್ರಪ್ಪನಿಗೆ ತನ್ನ ಬಾಯಿಯ ಮೇಲೆಯೇ ಹೇಸಿಗೆ ಬಂತು.

"ತಂಗಿ, ನಿಲ್ಲು. ಇಲ್ಲಿ ಬಾ. ಇಲ್ಲಿ ಬೆರಳಿಟ್ಟು ನೋಡು. ಇದು ಗಂಟು. ಕೊಂಬೆ ಬಂದದ್ದು ಇದರ ಮೇಲಿನಿಂದ. ಕೆಳಗಿನ ಚಿಗುರು ನೀನು ತೆಗೆದಿದ್ದೀ, ಮೂರನ್ನೂ. ಲಿಂಬೆಯ ಕಣ್ಣು ಇಡುವಲ್ಲಿ ಗಜಲಿಂಬೆಯದ್ದು ಇಟ್ಟವ ನಾನು. ಆಗ ನನಗೆ ವಾಸನೆ ತಿಳೀತಿರಲಿಲ್ಲ. ಯಾರಿಗೂ ಹೇಳಲಿಲ್ಲ."

ಅವಳು ಬೆರಳನ್ನು ಗಂಟಿನ ಮೇಲಿಟ್ಟು, ಆಮೇಲೆ ಕೆಳಗಿನ ಮೂರು ಕಲೆಗಳನ್ನೂ ಒಂದೊಂದಾಗಿ ಮುಟ್ಟಿದಳು.

"ಹಾಗಾದರೆ ನಾನು ಮಾಡಿದ್ದು ಸರಿ?"

"ಸರಿ ಮಗಳೇ. ತಪ್ಪು ನನ್ನದು."

ಮುರ್ಶಿದಾ ಒಮ್ಮೆ ಮನೆಯ ಕಡೆ ನೋಡಿದಳು. ಒಳಗೆ ಅವ್ವಮ್ಮನ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಅಣ್ಣ," ಎಂದಳು, "ಅದನ್ನೇ ಇನ್ನೊಮ್ಮೆ ಹೇಳ್ತೀರಾ? ಸ್ವಲ್ಪ ಜೋರಾಗಿ."