ಎರಡನೇ ಶನಿವಾರದ ಪ್ರಯಾಣ

ಹೋದ ತಿಂಗಳು ನನ್ನ ಗಂಡ ಕಾರಿನ ಪ್ರಯಾಣಕ್ಕೆಂದು ಗಾಳಿ ತುಂಬುವ ಕತ್ತಿನ ದಿಂಬೊಂದನ್ನು ತಂದರು. ಕವರು ಬಿಚ್ಚಿದ್ದೇ ತಡ, ರಬ್ಬರಿನ ಘಾಟು ಮೂಗಿಗೆ ಬಡಿಯಿತು. ಅವರು ಕೆನ್ನೆ ಉಬ್ಬಿಸಿ ಅದನ್ನು ಊದುತ್ತಾ ನಿಂತಿದ್ದರೆ ನನಗೆ ಕಂಡದ್ದು ಚಾಮರಾಜಪೇಟೆಯ ನಮ್ಮ ಹಳೆಯ ಮನೆಯ ಬಟ್ಟೆ ಒಣಹಾಕುವ ತಂತಿ, ಅದಕ್ಕೆ ಕ್ಲಿಪ್ಪು ಸಿಕ್ಕಿಸಿ ನೇತುಹಾಕಿದ ನೀಲಿ ಗಾಳಿದಿಂಬು... ಅದು ಹಿಂದಿನ ಪೋರ್ಷನ್ ಆಂಟಿಯದು.

ತೊಂಬತ್ತರ ದಶಕದ ಮಾತು. ಒಂದೇ ಕಾಂಪೌಂಡಿನ ಮುಂದಿನ ಪೋರ್ಷನ್ನಿನಲ್ಲಿ ನಾವು, ಹಿಂದಿನದರಲ್ಲಿ ಅವರು ಬಾಡಿಗೆಗಿದ್ದೆವು. ಅವರು ಗೇಟಿಗೆ ಬರಬೇಕೆಂದರೆ ನಮ್ಮ ಅಡುಗೆಮನೆಯ ಕಿಟಕಿ ದಾಟಿಯೇ ಬರಬೇಕು. ನನ್ನ ಅಮ್ಮನಿಗೆ ಅಷ್ಟು ಸಾಕಿತ್ತು. ಆಂಟಿ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಅಂಕಲ್ ಇನ್ನೊಂದು ಕಚೇರಿಯಲ್ಲಿ ಗುಮಾಸ್ತರು. ಒಬ್ಬಳೇ ಮಗಳು, ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಸಂಭಾವಿತ ಜನ. ಜೋರಾಗಿ ಟೀವಿ ಹಾಕುತ್ತಿರಲಿಲ್ಲ, ನಲ್ಲಿ ನೀರಿಗೆ ಜಗಳ ತೆಗೆಯುತ್ತಿರಲಿಲ್ಲ. ಅವರ ಮೇಲಿದ್ದ ದೂರು ಒಂದೇ. ಅವರು ಮನೆಗೆ ಬೀಗ ಹಾಕಿಕೊಂಡು ಹೊರಡುವುದು ಹೆಚ್ಚು.

ಆ ಕಾಲದಲ್ಲಿ ನಮ್ಮಂಥವರ ಮನೆಗಳಲ್ಲಿ ಪ್ರಯಾಣಕ್ಕೊಂದು ಲೆಕ್ಕವಿತ್ತು. ಬೇಸಿಗೆ ರಜೆಗೆ ಅಜ್ಜಿಯ ಮನೆ. ಹರಕೆ ಇದ್ದರೆ ತಿರುಪತಿ, ಇಲ್ಲವಾದರೆ ಧರ್ಮಸ್ಥಳ. ಮಿಕ್ಕಂತೆ ಮದುವೆ, ಮುಂಜಿ, ತಿಥಿ. ಊರು ಬಿಡಬೇಕಾದರೆ ಯಾರಾದರೂ ಹುಟ್ಟಿರಬೇಕು, ಸತ್ತಿರಬೇಕು, ಇಲ್ಲವೇ ದೇವರೇ ಕರೆದಿರಬೇಕು. ಹೊರಡುವಾಗ ಪಕ್ಕದ ಮನೆಗೆ ಬೀಗದ ಕೈ ಕೊಟ್ಟು ಎಲ್ಲಿಗೆ, ಎಷ್ಟು ದಿನ ಎಂದು ಹೇಳಬೇಕು. ಬಂದ ಮೇಲೆ ಪ್ರಸಾದ ಹಂಚಬೇಕು. ಪ್ರಸಾದವೇ ನಮಗೆಲ್ಲ ಸಾಕ್ಷಿ. ಲಾಡು ಬಂತೆಂದರೆ ಹೋದದ್ದು ನಿಜ, ಹೋದ ಜಾಗವೂ ನಿಜ.

ಆಂಟಿಯ ಮನೆಯವರು ತಿಂಗಳ ಎರಡನೇ ಶನಿವಾರ, ಸರ್ಕಾರಿ ಕಚೇರಿಗಳಿಗೆ ರಜೆ ಇರುವ ದಿನ, ಬೆಳಗಾಗುತ್ತಿದ್ದಂತೆ ಹೊರಟುಬಿಡುತ್ತಿದ್ದರು. ಒಂದು ಬುಟ್ಟಿ, ಒಂದು ಜಮಖಾನ, ಊಟದ ಕ್ಯಾರಿಯರು. ಬೀಗದ ಕೈ ಕೊಡುತ್ತಿರಲಿಲ್ಲ, ಸಂಜೆಗೇ ಬರುತ್ತಿದ್ದರಲ್ಲ. ಬಂದಾಗ ಕೈಯಲ್ಲಿ ಪ್ರಸಾದ ಇರುತ್ತಿರಲಿಲ್ಲ. ಸೀಬೆಹಣ್ಣೋ, ಹಸಿ ಕಡಲೆಕಾಯಿಯೋ, ಒಮ್ಮೆ ಒಂದು ಕುಂಬಳಕಾಯಿ. ಅಮ್ಮ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಎಲ್ಲಿಗೆ ಹೋಗಿದ್ರಿ ಎನ್ನುತ್ತಿದ್ದಳು. ಆಂಟಿ ನಗುತ್ತಾ "ಇಲ್ಲೇ, ಸುಮ್ನೆ" ಎಂದು ಒಳಗೆ ಹೋಗುತ್ತಿದ್ದರು.

ಸುಮ್ಮನೆ ಯಾರಾದರೂ ಹೋಗುತ್ತಾರೆಯೇ? ನಮ್ಮ ಮನೆಯಲ್ಲಿ ಅದರ ಮೇಲೆ ದೊಡ್ಡ ವಿಚಾರಣೆಯೇ ನಡೆಯುತ್ತಿತ್ತು. ಅಪ್ಪನ ಪ್ರಕಾರ ಅಂಕಲ್ ಯಾರದೋ ಹೆಸರಿನಲ್ಲಿ ಜಮೀನು ಮಾಡಿದ್ದಾರೆ, ಕುಂಬಳಕಾಯಿ ಅಲ್ಲಿಯದೇ. ಮೇಲಿನ ಮನೆಯ ಓನರಮ್ಮನ ಪ್ರಕಾರ ಇದು ಯಾವುದೋ ಕಾಯಿಲೆಗೆ ನಾಟಿ ಔಷಧದ ಓಡಾಟ. ಅಮ್ಮನ ಅನುಮಾನ ಮಾತ್ರ ಮಗಳ ಮೇಲೆ. ಹೇಳಿಕೊಳ್ಳಲಾಗದ್ದು ಏನೋ ಇದೆ, ಅದಕ್ಕೇ ಶಾಂತಿ, ಪೂಜೆ ಎಂದು ಗುಟ್ಟಾಗಿ ಎಲ್ಲಿಗೋ ಕರೆದುಕೊಂಡು ಹೋಗುತ್ತಾರೆ ಎನ್ನುತ್ತಿದ್ದಳು. ಅನುಮಾನ ನಮ್ಮ ಮನೆತನದ ಗುಣ. ನನಗೂ ಧಾರಾಳವಾಗಿಯೇ ಬಂದಿದೆ. ಇವತ್ತಿಗೂ ಯಾರಾದರೂ ಕಾರಣವಿಲ್ಲದೆ ಫೋನ್ ಮಾಡಿ ಚೆನ್ನಾಗಿದ್ದೀಯಾ ಎಂದರೆ ನಾನು ಮುಂದಿನ ಮಾತಿಗೆ ಕಾಯುತ್ತೇನೆ.

ನಾನು ಮೊದಲ ವರ್ಷದ ಬಿ.ಕಾಂ.ನಲ್ಲಿದ್ದಾಗ ಆಂಟಿ ಒಂದು ಶುಕ್ರವಾರ ಬಂದು "ನಾಳೆ ನಮ್ಮ ಜೊತೆ ಬರ್ತೀಯಾ ಮರಿ?" ಎಂದರು. ಅಮ್ಮ ಇಂಥದ್ದಕ್ಕೆಲ್ಲ ಕಳಿಸುವವಳಲ್ಲ. ಅವತ್ತು ಮಾತ್ರ ತಕ್ಷಣ ಒಪ್ಪಿದಳು. ಅವರು ಅತ್ತ ಹೋದ ಮೇಲೆ ನನ್ನ ಹತ್ತಿರ ಬಂದು, "ಕಣ್ಬಿಟ್ಕೊಂಡು ಎಲ್ಲಾ ನೋಡ್ಕೊಂಡು ಬಾ" ಎಂದಳು. ನಾನು ಪತ್ತೇದಾರಿಕೆಗೆ ಹೊರಟವಳ ಹಾಗೆಯೇ ಹೊರಟೆ.

ನೋಡಿದ್ದು ಇಷ್ಟು. ಸಿಟಿ ಸ್ಟೇಷನ್ನಿನಲ್ಲಿ ಮೈಸೂರು ಕಡೆಯ ಪ್ಯಾಸೆಂಜರ್ ರೈಲು ಹತ್ತಿದೆವು. ಹೆಸರು ಕೇಳಿರದ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದೆವು. ಅರ್ಧ ಗಂಟೆ ನಡೆದರೆ ಒಂದು ಕೆರೆ, ಏರಿಯ ಕೆಳಗೆ ಹೊಂಗೆ ಮರಗಳು. ಅಂಕಲ್ ಜಮಖಾನ ಹಾಸಿ ದಿಂಬು ಊದಿ ಕೊಟ್ಟರು. ಆಂಟಿ ತಲೆಯಿಟ್ಟರು, ನಿದ್ದೆ ಹೋದರು. ಹಾಡುಹಗಲಲ್ಲಿ, ಬಯಲಲ್ಲಿ, ಬಾಯಿ ಸ್ವಲ್ಪ ತೆರೆದುಕೊಂಡು ಎರಡು ಗಂಟೆ... ಸಂಸಾರಸ್ಥ ಹೆಂಗಸೊಬ್ಬಳು ಹಾಗೆ ಮಲಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಂಕಲ್ ಮತ್ತು ಮಗಳು ದೂರ ಹೋಗಿ ಕೂತು ಪಿಸುಮಾತಿನಲ್ಲಿ ಇಸ್ಪೀಟು ಆಡಿದರು. ಎದ್ದ ಮೇಲೆ ಎಲ್ಲರೂ ಮೊಸರನ್ನ ಉಂಡೆವು.

ಬರುವಾಗ ರೈಲಿನಲ್ಲಿ ನಾನು ತಡೆಯಲಾರದೆ ಕೇಳಿಯೇಬಿಟ್ಟೆ, ಇಷ್ಟಕ್ಕೇನಾ ಆಂಟಿ ಬರೋದು ಎಂದು. ಅವರು ಬೇಸರಿಸಿಕೊಳ್ಳಲಿಲ್ಲ. "ನಾಲ್ಕೂವರೆಗೆ ನೀರು ಹಿಡಿಯೋಕೆ ಏಳ್ತೀನಿ. ಆಮೇಲೆ ಮನೆ, ಆಫೀಸು, ಮತ್ತೆ ಮನೆ. ಒಂದಲ್ಲ ಒಂದಕ್ಕೆ ಯಾರಾದ್ರೂ ಕರೀತಾನೇ ಇರ್ತಾರೆ. ಅಲ್ಲಿ ಯಾರೂ ಕರೆಯಲ್ಲ ನೋಡು. ಈ ಒಂದು ದಿನ ಇಲ್ದಿದ್ರೆ ನಾನು ಬದುಕಲ್ಲ ಮರಿ" ಎಂದರು.

ಮನೆಗೆ ಬಂದು ಎಲ್ಲವನ್ನೂ ಒಪ್ಪಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. "ನೀನಿದ್ದೆ ಅಂತ ಅಲ್ಲಿಗೆ ಹೋಗಿರ್ತಾರೆ, ದಡ್ಡಿ" ಎಂದಳು. ನನಗೆ ನಾಚಿಕೆಯಾಯಿತು. ಕಣ್ಣಾರೆ ಕಂಡದ್ದಕ್ಕಿಂತ ಅಮ್ಮನ ಮಾತೇ ಹೆಚ್ಚು ಬುದ್ಧಿವಂತಿಕೆಯದು ಅನ್ನಿಸಿತು. ಮುಂದಿನ ತಿಂಗಳು ಅವರು ಕಿಟಕಿ ದಾಟಿ ಹೋಗುವಾಗ ನಾನೂ ಅಮ್ಮನ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ.

ಎರಡು ವರ್ಷದ ನಂತರ ಅವರ ಮಗಳಿಗೆ ಒಂದು ಒಳ್ಳೆಯ ಸಂಬಂಧ ಕೂಡಿಬಂತು. ಹುಡುಗ ಕಾಲೇಜಿನಲ್ಲಿ ಲೆಕ್ಚರರ್. ಇಬ್ಬರೂ ನೋಡಿ ಒಪ್ಪಿದ್ದರು. ಅವಳ ನಡಿಗೆಯಲ್ಲೇ ಅದು ಗೊತ್ತಾಗುತ್ತಿತ್ತು. ಆಗೆಲ್ಲ ಗಂಡಿನ ಕಡೆಯವರು ತಾಂಬೂಲಕ್ಕೆ ಮುಂಚೆ ನೆರೆಹೊರೆಯಲ್ಲಿ ವಿಚಾರಿಸಿಕೊಂಡು ಹೋಗುವುದು ರೂಢಿ. ಒಂದು ಮಧ್ಯಾಹ್ನ ಹುಡುಗನ ಸೋದರಮಾವ, ಅವರ ಹೆಂಡತಿ ನಮ್ಮ ಮನೆಗೆ ಬಂದರು. ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಳು. ಈ ಮನೆಯ ಮಗಳು ನೀನೇನಾಮ್ಮ ಎಂದು ಕೇಳಿ ಖಾತ್ರಿ ಮಾಡಿಕೊಂಡೇ ಕುಳಿತರು. ನಾನು ನೀರು ಕೊಟ್ಟೆ. ಹಿರಿಯರು ನನ್ನನ್ನು ದೊಡ್ಡವಳೆಂದು ಎಣಿಸಿ ಮಾತನಾಡಿಸಿದ್ದು ಅದೇ ಮೊದಲು.

ಮನೆಯವರು ಹೇಗೆ ಎಂದರು. ಒಳ್ಳೆಯವರು ಎಂದೆ. ಆ ಹೆಂಗಸು ದನಿ ತಗ್ಗಿಸಿ, "ತಿಂಗ್ಳುತಿಂಗ್ಳು ಎಲ್ಲೋ ಹೋಗ್ತಾರಂತಲ್ಲ, ಎಲ್ಲಿಗಮ್ಮ?" ಎಂದರು.

ಕೆರೆ, ಹೊಂಗೆ ಮರ, ಮೊಸರನ್ನ ಎಂದಿದ್ದರೆ ಮುಗಿದಿತ್ತು. ನನಗೆ ಗೊತ್ತಿತ್ತು. ಆದರೆ ಹಾಗೆಂದರೆ ಇವರೂ ನನ್ನನ್ನು ದಡ್ಡಿ ಎಂದಾರು ಅನ್ನಿಸಿತು. ಅಮ್ಮನ ಮುಖಭಾವವನ್ನೇ ಮುಖಕ್ಕೆ ತಂದುಕೊಂಡು, "ಹೋಗ್ತಾರೆ. ಎಲ್ಲಿಗೆ ಅಂತ ಯಾರಿಗೂ ಹೇಳಲ್ಲ" ಎಂದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೋಟ ಕೆಳಗಿಟ್ಟು ಎದ್ದರು.

ಸಂಬಂಧ ಮುರಿಯಿತು. ಆ ಮನೆಯವರ ಓಡಾಟ ಸರಿಯಿಲ್ಲವಂತೆ ಎಂಬ ಮಾತು ಓನರಮ್ಮನ ಬಾಯಿಂದ ಸುತ್ತಿ ನಮ್ಮ ಮನೆಗೂ ಬಂತು. ಅಮ್ಮ, ನಾನು ಮೊದಲೇ ಹೇಳಲಿಲ್ಲವಾ ಎಂದಳು. ಅವರು ಬಂದು ಕೇಳಿಹೋದದ್ದನ್ನು ನಾನು ಅಮ್ಮನಿಗೆ ಹೇಳಿರಲೇ ಇಲ್ಲ. ಹಿಂದಿನ ಪೋರ್ಷನ್ನಿನ ಬಾಗಿಲು ಒಂದು ವಾರ ಮುಚ್ಚಿಯೇ ಇತ್ತು. ಮುಂದಿನ ಎರಡನೇ ಶನಿವಾರ ಕಿಟಕಿಯ ಬಳಿ ಕ್ಯಾರಿಯರಿನ ಸದ್ದು ಕೇಳಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಆಂಟಿ ಆಮೇಲೆ ಆ ಪ್ರಯಾಣ ಮಾಡಲೇ ಇಲ್ಲ.

ಮರುವರ್ಷ ಅವರು ಎಲ್ಲರಂತೆ ತಿರುಪತಿಗೆ ಹೋದರು. ಹೊರಡುವಾಗ ಬೀಗದ ಕೈ ಕೊಟ್ಟು ಬುಧವಾರ ಬರ್ತೀವಿ ಎಂದರು. ಬಂದು ಲಾಡು ಕೊಟ್ಟರು. ಈಗ ಸರಿಹೋದರು ನೋಡು ಎಂದು ಅಮ್ಮ ಕಣ್ಣಿಗೊತ್ತಿಕೊಂಡು ತಿಂದಳು. ನನ್ನ ಪಾಲಿನದನ್ನು ನಾನು ಡಬ್ಬಿಗೆ ಹಾಕಿಟ್ಟೆ. ಆಂಟಿಯ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನನ್ನನ್ನು ಮಾತ್ರ ಮೊದಲಿನಂತೆಯೇ ಮರಿ ಎಂದು ಕರೆಯುತ್ತಿದ್ದರು. ಇವರಿಗೆ ಎಲ್ಲ ಗೊತ್ತಿದೆಯೇ, ಗೊತ್ತಿದ್ದೂ ನಗುತ್ತಿದ್ದಾರೆಯೇ... ಅವರ ಒಂದೊಂದು ನಗುವನ್ನೂ ನಾನು ಅನುಮಾನಿಸಿದೆ. ಮಗಳಿಗೆ ಮೈಸೂರಿನ ಕಡೆ ಬೇರೆ ಸಂಬಂಧವಾಯಿತು. ನನ್ನ ಮದುವೆಯ ಹೊತ್ತಿಗೆ ಅವರು ಮನೆ ಬದಲಾಯಿಸಿದ್ದರು.

ದಿಂಬು ತಂದ ವಾರವೇ ಮೂರು ದಿನ ಸಾಲು ರಜೆ ಬಂತು. ಈಗ ನಾವು ವರ್ಷಕ್ಕೆ ನಾಲ್ಕೈದು ಬಾರಿ ಹೊರಡುತ್ತೇವೆ, ಯಾವ ದೇವರೂ ಕರೆಯದೆ. ಮೈಸೂರು ರಸ್ತೆಯ ಹೋಟೆಲಿನಲ್ಲಿ ಇಡ್ಲಿಗೆ ಅರ್ಧ ಬೆಂಗಳೂರೇ ಸಾಲು ನಿಂತಿತ್ತು. ಯಾರೂ ಯಾರನ್ನೂ ಎಲ್ಲಿಗೆ, ಯಾಕೆ ಎಂದು ಕೇಳುತ್ತಿರಲಿಲ್ಲ. ಆ ಸಾಲಿನಲ್ಲೇ ನನ್ನ ಭುಜ ಮುಟ್ಟಿದವಳು ಆಂಟಿಯ ಮಗಳು. ತಲೆ ಅರ್ಧ ನೆರೆತಿತ್ತು. ನಾನು ಅಮ್ಮ ತೀರಿಕೊಂಡದ್ದನ್ನು ಹೇಳಿದೆ. ಆಂಟಿ ಹೋಗಿ ನಾಲ್ಕು ವರ್ಷವಾಯಿತು ಎಂದಳು.

ಹಳೆಯದನ್ನೆಲ್ಲ ಮಾತನಾಡುತ್ತಾ ಆ ಸಂಬಂಧದ ವಿಷಯವನ್ನು ಅವಳೇ ತೆಗೆದಳು. "ಅವ್ರನ್ನ ನಿಮ್ಮನೆಗೆ ಕಳ್ಸಿದ್ದು ಅಮ್ಮಾನೇ ಕಣೆ. ನಾವು ಹೋಗೋ ಜಾಗ ಹೇಳಿದ್ರೂ ಅವ್ರು ನಂಬಲಿಲ್ಲ. ಮುಂದಿನ ಮನೆ ಹುಡುಗಿ ನಮ್ಮ ಜೊತೆ ಬಂದಿದ್ಲು, ಅವ್ಳನ್ನೇ ಕೇಳಿ, ಅವ್ಳು ನೋಡಿದ್ದನ್ನ ನೋಡಿದ ಹಾಗೆ ಹೇಳ್ತಾಳೆ ಅಂದಿದ್ಲು. ಅವತ್ತು ನೀನು ಮನೇಲಿ ಇರ್ಲಿಲ್ಲ ಅನ್ಸುತ್ತೆ, ನಿಮ್ಮಮ್ಮ ಏನೋ ಅಂದಿರ್ಬೇಕು. ಅಮ್ಮ ಕೊನೇವರೆಗೂ ಹಾಗೇ ಹೇಳ್ತಿದ್ಲು, ಆ ಮಗು ಇದ್ದಿದ್ರೆ ಹೀಗಾಗ್ತಿರ್ಲಿಲ್ಲ ಅಂತ."

ಸಾಲು ಮುಂದೆ ಸರಿಯಿತು. ಹೇಳಬೇಕಿದ್ದದ್ದು ಆಂಟಿಗೆ, ಅವರೇ ಇನ್ನಿಲ್ಲ, ಹೇಳಿ ಈಗ ಯಾರ ನಿದ್ದೆಯನ್ನೂ ವಾಪಸು ಕೊಡಲಾರೆ. ಅವಳ ಕೈ ಹಿಡಿದೆ.

"ಇರ್ಬೋದು ಕಣೆ. ನಮ್ಮಮ್ಮ ಸ್ವಲ್ಪ ಹಾಗೇ" ಎಂದೆ.